ಜಾಗಟೆಯನ್ನು ತೂಕಕ್ಕೆ ಕೊಡುವ ಮುನ್ನ

ಊರೂರಿನ ದೇವಸ್ಥಾನಗಳ ಆಡಳಿತ ಸಮಿತಿ, ಜೀರ್ಣೋದ್ಧಾರ ಸಮಿತಿ ಹಾಗೂ ಭಜನಾ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ಜೀರ್ಣೋದ್ಧಾರಕ್ಕೆ ಕೈಹಾಕಿದ ಸಮಿತಿಯ ಸಭೆಗಳಲ್ಲಿ ಗರ್ಭಗುಡಿಯ ಕಲ್ಲು ಎಲ್ಲಿಂದ ತರಿಸಬೇಕು, ಮಾಡಿಗೆ ತಾಮ್ರ ಹೊದಿಸಬೇಕೋ ಹೆಂಚೇ ಸಾಕೋ ಎಂಬುದರ ಮೇಲೆ ತಾಸುಗಟ್ಟಲೆ ಚರ್ಚೆಯಾಗುತ್ತದೆ. ಅದು ಆಗಲೇಬೇಕಾದ್ದೇ. ಆದರೆ ಉಗ್ರಾಣದಲ್ಲಿರುವ ಹಳೆಯ ದೀಪ, ತಟ್ಟೆ, ಗಂಟೆ, ಜಾಗಟೆಗಳನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಕೊಟ್ಟು ಹೊಸತು ತರುವ ವಿಷಯ ಬಂದಾಗ ಯಾರೂ ಬಾಯಿ ಬಿಡುವುದಿಲ್ಲ. ಮೂರು ನಿಮಿಷದಲ್ಲಿ ನಿರ್ಣಯ ಬರೆದು ಮುಗಿಯುತ್ತದೆ. ಈ ಪತ್ರ ಆ ಮೂರು ನಿಮಿಷದ ಬಗ್ಗೆ.

ನಾನು ಬಹುಕಾಲ ಲೋಹಶಾಸ್ತ್ರ ಕಲಿಸಿದವನು. ನನ್ನ ಪರಿಚಯದ ಒಂದು ದೇವಸ್ಥಾನದಲ್ಲಿ ಬಹಳ ಹಳೆಯ ಜಾಗಟೆಯೊಂದಿತ್ತು. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ನಡೆದದ್ದು ಎಷ್ಟೋ ಕಡೆ ನಡೆದಿದೆ. ಬ್ರಹ್ಮಕಲಶದ ತಯಾರಿಯಲ್ಲಿ ಅದನ್ನು ಬದಲಾಯಿಸಿ, ಬಂಗಾರದ ಹಾಗೆ ಹೊಳೆಯುವ ಹೊಸದನ್ನು ತಂದರು. ತೂಕ ಸರಿಯಾಗಿಯೇ ಇತ್ತು, ರಸೀದಿಯೂ ಇತ್ತು. ಮಂಗಳಾರತಿಯ ಹೊತ್ತಿಗೆ ಅದನ್ನು ಬಾರಿಸಿದಾಗ ಸದ್ದಾಯಿತು, ಆದರೆ ಸದ್ದು ನಿಲ್ಲಲಿಲ್ಲ. ಪೆಟ್ಟು ಬಿದ್ದಲ್ಲೇ ಸತ್ತುಹೋಯಿತು. ಹಳೆಯದು ಅಷ್ಟರೊಳಗೆ ಕರಗಿ ಇನ್ನೇನೋ ಆಗಿತ್ತು. ಸಮಿತಿಯವರಲ್ಲಿ ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಲೋಹಕ್ಕೆ ಲೋಹ ಸಮವಾಯಿತಲ್ಲ ಎಂದು ಅವರು ತಿಳಿದಿದ್ದರು. ಲೋಹಕ್ಕೆ ಲೋಹ ಯಾಕೆ ಸಮವಾಗುವುದಿಲ್ಲ ಎಂಬುದನ್ನು ನಿಮಗೆ ವಿವರವಾಗಿಯೇ ಹೇಳಬೇಕೆಂದಿದ್ದೇನೆ. ತಾಳ್ಮೆಯಿಂದ ಓದಬೇಕು.

ಮೊದಲು ಹಿತ್ತಾಳೆ ಮತ್ತು ಕಂಚಿನ ಮಾತು. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ. ತಾಮ್ರಕ್ಕೆ ತವರ ಸೇರಿದರೆ ಕಂಚು. ಗಂಟೆ, ಜಾಗಟೆ, ತಾಳಗಳಿಗೆ ಸಲ್ಲುವ ಕಂಚಿನಲ್ಲಿ ನೂರು ಪಾಲಿಗೆ ಸುಮಾರು 78 ತಾಮ್ರ, 22 ತವರ. ಒಂದೆರಡು ಪಾಲು ಅತ್ತಿತ್ತ ಆಗಬಹುದು. ತವರ ತಾಮ್ರಕ್ಕಿಂತ ಬಹಳ ದುಬಾರಿ, ಸತು ತಾಮ್ರಕ್ಕಿಂತ ಅಗ್ಗ. ಅಂಗಡಿಯಲ್ಲಿ ಕಂಚಿನ ಜಾಗ ಹಿತ್ತಾಳೆಗೆ ಸಿಕ್ಕಿದ್ದು ಈ ಲೆಕ್ಕದಿಂದಲೇ. ಇಲ್ಲಿ ಒಂದು ಅಚ್ಚರಿಯ ಸಂಗತಿ ಇದೆ. ಒಂದೇ ಅಚ್ಚಿನಲ್ಲಿ ಒಂದು ಹಿತ್ತಾಳೆಯ ಗಂಟೆ, ಒಂದು ಕಂಚಿನ ಗಂಟೆ ಎರಕ ಹೊಯ್ದರೆ ಎರಡರ ಶ್ರುತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ. ಎರಡರ ಸಾಂದ್ರತೆಯೂ ಬಿಗುವೂ ಹತ್ತಿರ ಹತ್ತಿರ. ವ್ಯತ್ಯಾಸವಿರುವುದು ನಾದ ಎಷ್ಟು ಹೊತ್ತು ಬದುಕುತ್ತದೆ ಎಂಬುದರಲ್ಲಿ. ಲೋಹ ಕಂಪಿಸುವಾಗ ಅದರ ಒಳಗೇ ಸ್ವಲ್ಪ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ತವರ ಹೆಚ್ಚಿರುವ ಕಂಚಿನಲ್ಲಿ ಈ ಸೋರಿಕೆ ಬಹಳ ಕಡಿಮೆ, ಹಿತ್ತಾಳೆಯಲ್ಲಿ ಹೆಚ್ಚು. ಅದಕ್ಕೆ ಸೀಸ ಸೇರಿದರಂತೂ ಮುಗಿಯಿತು. ಎರಕ ಸಲೀಸಾಗಿ ಹರಿಯಲಿ, ಕಡೆಯುವುದಕ್ಕೆ ಮೆತ್ತಗಿರಲಿ ಎಂದು ಹಿತ್ತಾಳೆಗೆ ಸೀಸ ಹಾಕುವ ರೂಢಿ ಇದೆ. ಸೀಸ ತಾಮ್ರದಲ್ಲಿ ಬೆರೆಯದೆ ಸಣ್ಣ ಸಣ್ಣ ಹನಿಗಳಾಗಿ ಉಳಿದು, ಕಂಪನವನ್ನು ಒಳಗಿನಿಂದಲೇ ನುಂಗುತ್ತದೆ. ಹಳೆಯ ಪಾತ್ರೆ, ನಲ್ಲಿ, ತುಂಡು ತಗಡು ಎಲ್ಲವನ್ನೂ ಒಟ್ಟಿಗೆ ಕರಗಿಸಿ ಹೊಯ್ದ ಗಂಟೆ ಮಂಕಾಗಿ ಕೇಳುವುದಕ್ಕೆ ಇದೂ ಒಂದು ಕಾರಣ.

ಎರಕದ ಮೂಸೆಗೆ ಭಕ್ತರು ಚಿನ್ನದ ಚೂರು, ಬೆಳ್ಳಿಯ ಕಾಲುಂಗುರ ಹಾಕಿದರೆ ಗಂಟೆಯ ದನಿ ಇಂಪಾಗುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇದೆ, ಯುರೋಪಿನಲ್ಲೂ ಇತ್ತು. ಆ ಕಾಣಿಕೆಯ ಹಿಂದಿನ ಭಕ್ತಿಗೆ ನಾನು ಕೈಮುಗಿಯುತ್ತೇನೆ. ಆದರೆ ಅಷ್ಟು ಸ್ವಲ್ಪ ಚಿನ್ನ ಬೆಳ್ಳಿಯಿಂದ ದನಿ ಬದಲಾಗದು. ಅದೇ ಹಣವನ್ನು ತವರಕ್ಕೆ ಹಾಕಿದರೆ ದನಿ ಖಂಡಿತ ಬದಲಾಗುತ್ತದೆ.

ಹಾಗಿದ್ದರೆ 78ಕ್ಕೆ 22 ಎಂಬ ಲೆಕ್ಕ ಗೊತ್ತಾದರೆ ಸಾಕೇ? ಸಾಲದು. ಸಾಲದು ಎಂಬುದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಸಾಕ್ಷಿ ಇದೆ. 18ನೇ ಶತಮಾನದ ಕೊನೆಯಲ್ಲಿ ಚೀನಾದ ದೊಡ್ಡ ಜಾಗಟೆಗಳು ಯುರೋಪಿನ ವಾದ್ಯವೃಂದಕ್ಕೆ ಹೊಕ್ಕವು. 1791ರಲ್ಲಿ ಫ್ರಾನ್ಸಿನ ನಾಯಕ ಮಿರಾಬೋನ ಅಂತ್ಯಯಾತ್ರೆಯಲ್ಲಿ ನುಡಿಸಿದ, ಸಂಗೀತಗಾರ ಗೊಸ್ಸೆಕ್ ಬರೆದ ಸಂಗೀತದಲ್ಲಿ ಅದರ ಮೊಳಗು ಕೇಳಿ ಜನ ಬೆರಗಾದರು. ರಸಾಯನಶಾಸ್ತ್ರಜ್ಞರು ಜಾಗಟೆಯ ಚೂರನ್ನು ಪರೀಕ್ಷಿಸಿ ಇಷ್ಟು ತಾಮ್ರ, ಇಷ್ಟು ತವರ ಎಂದು ಕಂಡುಕೊಂಡರು. ಅದೇ ಪ್ರಮಾಣದಲ್ಲಿ ಎರಕ ಹೊಯ್ದರೆ ಬಂದದ್ದು ಬಡಿದರೆ ಒಡೆಯುವ ಬಿಲ್ಲೆ. ಬೆರಕೆ ಸರಿಯಾಗಿಯೇ ಇತ್ತು, ಜಾಗಟೆ ಮಾತ್ರ ಆಗಲಿಲ್ಲ. 19ನೇ ಶತಮಾನದ ಆರಂಭದಲ್ಲಿ ದಾರ್ಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಇದರ ಗುಟ್ಟನ್ನು ಹಿಡಿದ: ಈ ಕಂಚನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಗಟ್ಟಿಯಾಗುವ ಬದಲು ಮೆತ್ತಗಾಗುತ್ತದೆ!

ಕುಡುಗೋಲಿಗೆ ಹದ ಹಾಕುವುದನ್ನು ಕಂಡ ಯಾರಿಗೂ ಇದು ವಿಚಿತ್ರವೆನಿಸುತ್ತದೆ. ಉಕ್ಕನ್ನು ಕಾಯಿಸಿ ನೀರಿಗಿಟ್ಟರೆ ಗಡಸಾಗುತ್ತದೆ, ಅಂಚು ನಿಲ್ಲುತ್ತದೆ. ಕಂಚು ಇದಕ್ಕೆ ಪೂರ್ತಿ ತಿರುಗುಮುರುಗು. 22 ಪಾಲು ತವರದ ಕಂಚು ಸುಮಾರು 600 ಡಿಗ್ರಿ ದಾಟಿ ಕೆಂಪೇರಿದಾಗ ಅದರೊಳಗಿನ ಹರಳುಗಳ ಜೋಡಣೆ ಬದಲಾಗಿ ಸುತ್ತಿಗೆಗೆ ಬಗ್ಗುವ ಹದಕ್ಕೆ ಬರುತ್ತದೆ. ಆಗ ಅದನ್ನು ಬಡಿದು ತೆಳ್ಳಗೆ ಮಾಡಬಹುದು, ಅಗಲ ಮಾಡಬಹುದು, ಅಂಚು ಮಡಿಸಬಹುದು. ನಿಧಾನವಾಗಿ ಆರಲು ಬಿಟ್ಟರೆ 520 ಡಿಗ್ರಿಗಿಂತ ಕೆಳಗೆ ಇಳಿಯುವಷ್ಟರಲ್ಲಿ ಅದು ಎರಡು ಬಗೆಯ ಹರಳುಗಳಾಗಿ ಒಡೆದುಕೊಳ್ಳುತ್ತದೆ. ಒಂದು ಮೆತ್ತನೆಯದು, ಇನ್ನೊಂದು ತವರವನ್ನೆಲ್ಲ ಎಳೆದುಕೊಂಡ, ಬೆಳ್ಳನೆಯ, ಅತಿ ಗಡಸಾದ, ಸೀಳುವ ಹರಳು. ಗಡಸು ಹರಳು ಹೆಚ್ಚಾದಷ್ಟೂ ಕಂಚು ಪೆಟ್ಟು ತಾಳದು. ಕೆಂಪಗಿರುವಾಗಲೇ ಗಪ್ಪೆಂದು ನೀರಿಗೆ ಅದ್ದಿಬಿಟ್ಟರೆ ಈ ಒಡೆತಕ್ಕೆ ಸಮಯವೇ ಸಿಗುವುದಿಲ್ಲ. ಬಿಸಿಯಲ್ಲಿದ್ದ ಜೋಡಣೆ ಬಹುಮಟ್ಟಿಗೆ ಹಾಗೇ ಹಿಡಿದು ನಿಲ್ಲುತ್ತದೆ, ಕಂಚು ಪೆಟ್ಟಿಗೆ ತಾಳುತ್ತದೆ.

ಫ್ರೆಂಚರು ಇದನ್ನು ಪ್ರಯೋಗಶಾಲೆಯಲ್ಲಿ ಕಂಡುಕೊಳ್ಳುವುದಕ್ಕೆ ಎಷ್ಟೋ ಮೊದಲೇ ನಮ್ಮ ದಕ್ಷಿಣದ ಕಂಚುಗಾರರಿಗೆ ಇದು ಕೈಗತವಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ನೀಲಗಿರಿಯ ಬೃಹತ್ ಶಿಲಾ ಸಮಾಧಿಗಳಲ್ಲಿ, ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲಿ ಸಿಕ್ಕ ತೆಳ್ಳನೆಯ ಕಂಚಿನ ಬಟ್ಟಲುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅವು ತವರ ಹೆಚ್ಚಿರುವ ಕಂಚನ್ನು ಕಾಯಿಸಿ, ಬಡಿದು, ನೀರಿಗದ್ದಿ ಮಾಡಿದವು ಎಂದು ತೋರಿಸಿದ್ದಾರೆ. ಪುರಾತತ್ವಜ್ಞ ಇಯಾನ್ ಗ್ಲೋವರ್ ಜೊತೆ ಸೇರಿ ಕೇರಳದ ಕಂಚುಗಾರರಲ್ಲಿ ಇದೇ ವಿದ್ಯೆ ಉಳಿದುಕೊಂಡಿರುವುದನ್ನು 1995ರಲ್ಲಿ ಪ್ರಕಟಿಸಿದರು. ನಮ್ಮ ಲೋಹವಿದ್ಯೆಯ ಚರಿತ್ರೆ ಬರೆಯುವಾಗ ದೆಹಲಿಯ ತುಕ್ಕು ಹಿಡಿಯದ ಕಂಬಕ್ಕೆ ಸಿಕ್ಕಷ್ಟು ಜಾಗ ಈ ಬಟ್ಟಲುಗಳಿಗೂ ಸಿಗಬೇಕಿತ್ತೆಂದು ನನಗೆ ಅನ್ನಿಸುತ್ತದೆ.

ಅಸ್ಸಾಮಿನ ಸರ್ಥೇಬಾರಿಯಲ್ಲಿ, ಒಡಿಶಾದ ಬಾಲಕಾಟಿಯಲ್ಲಿ ಕಂಚು ಬಡಿಯುವ ಕೇರಿಗಳು ಇಂದಿಗೂ ಇವೆ. ಸರ್ಥೇಬಾರಿಯವರ ದೊಡ್ಡ ತಾಳಗಳು ಅಲ್ಲಿನ ಸತ್ರಗಳೆಂಬ ವೈಷ್ಣವ ಮಠಗಳ ಕೀರ್ತನೆಯಲ್ಲಿ ಮೊಳಗುತ್ತವೆ. ಕೆಲಸದ ಕ್ರಮ ಎಲ್ಲೆಡೆ ಹೆಚ್ಚು ಕಡಿಮೆ ಒಂದೇ. ತಾಮ್ರ ತವರಗಳನ್ನು ಮೂಸೆಯಲ್ಲಿ ಕರಗಿಸಿ ಮೊದಲು ಒಂದು ದಪ್ಪ ಬಿಲ್ಲೆ ಹೊಯ್ಯುತ್ತಾರೆ. ಅದನ್ನು ಇದ್ದಿಲ ಒಲೆಯಲ್ಲಿ ಕಾಯಿಸಿ, ಒಬ್ಬ ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದರೆ ಉಳಿದವರು ಅಡಿಗಲ್ಲಿನ ಸುತ್ತ ನಿಂತು ಸರದಿಯಂತೆ ಸಮ್ಮಟಿಗೆ ಹಾಕುತ್ತಾರೆ. ಮಾತಿಲ್ಲ. ಇಕ್ಕಳ ಹಿಡಿದವನ ಕಣ್ಣೆಲ್ಲ ಬಣ್ಣದ ಮೇಲೆ. ಕೆಂಪು ಕಂದಿ ಕಪ್ಪಿಗೆ ತಿರುಗುವ ಮೊದಲೇ ಬಿಲ್ಲೆ ಒಲೆಗೆ ವಾಪಸು ಹೋಗಬೇಕು. ಕಂದಿದ ಮೇಲೆ ಒಂದೇ ಒಂದು ಪೆಟ್ಟು ಹೆಚ್ಚು ಬಿದ್ದರೂ ಅಂಚಿನಿಂದ ಸೀಳು ಬರುತ್ತದೆ, ಅಲ್ಲಿಯವರೆಗಿನ ಕೆಲಸ ಮತ್ತೆ ಮೂಸೆಗೆ. ಅತಿ ಕಾದರೆ ತವರ ಹೆಚ್ಚಿರುವ ಭಾಗ ಬೆವರತೊಡಗಿ ಬಿಲ್ಲೆ ಪುಡಿಯಾಗುತ್ತದೆ. ಈ ಎರಡು ಮೇರೆಗಳ ನಡುವಿನ ಕಿರಿದಾದ ಹಾದಿಯಲ್ಲಿ ಕಾಯಿಸು, ಬಡಿ, ಕಾಯಿಸು, ಬಡಿ ಎಂದು ಸಾಗಿ, ಕೊನೆಗೊಮ್ಮೆ ಕೆಂಪಗೆ ಕಾಯಿಸಿ ನೀರಿಗೆ. ಆಮೇಲೆ ತಣ್ಣಗಿರುವಾಗ ಸಣ್ಣ ಸುತ್ತಿಗೆಯಿಂದ ಡೊಂಕು ತಿದ್ದುವುದು, ದನಿ ಕೂಡಿಸುವುದು.

ಜಾವಾದ್ವೀಪದ ಗಮೆಲಾನ್ ವಾದ್ಯಮೇಳದ ದೊಡ್ಡ ಗಾಂಗ್ ಕೂಡ ಇದೇ ದಾರಿಯದು. ಹತ್ತು ಪಾಲು ತಾಮ್ರಕ್ಕೆ ಮೂರು ಪಾಲು ತವರ, ಅಡ್ಡಳತೆ ಹೆಚ್ಚುಕಡಿಮೆ ಒಂದು ಮೀಟರ್‌ವರೆಗೂ ಹೋಗುತ್ತದೆ. ಇಡೀ ಗಾಂಗ್ ಒಂದೇ ಬಿಲ್ಲೆಯಿಂದ ಬಡಿದು ಎಬ್ಬಿಸಿದ್ದು. ಗಮೆಲಾನ್ 2021ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಕೊರಿಯಾದವರ ಬಡಿದು ಮಾಡಿದ ಜಾಗಟೆಗಳಲ್ಲೂ 78ಕ್ಕೆ 22ರ ಲೆಕ್ಕವೇ. ತುರ್ಕಿಯ ಕೈತಾಳಗಳಿಗೆ ಹೆಸರಾದ ಜಿಲ್ಜಿಯಾನ್ ಮನೆತನ 1623ರಲ್ಲಿ ಇಸ್ತಾಂಬುಲಿನಲ್ಲಿ ಕಸುಬು ಶುರುಮಾಡಿದಾಗ ಹಿಡಿದದ್ದೂ ಸುಮಾರು 20 ಪಾಲು ತವರದ ಕಂಚನ್ನೇ. ಇಷ್ಟು ದೂರದೂರದ ಜನ ಒಂದೇ ಬೆರಕೆಗೆ ಬಂದು ನಿಂತದ್ದು ಆಕಸ್ಮಿಕವಾಗಿರಲಾರದು. ನಾದ ಬಾಳಬೇಕಾದರೆ ತವರ ಹೆಚ್ಚಬೇಕು, ಹೆಚ್ಚಿದರೆ ಒಡೆಯುತ್ತದೆ. ಒಡೆಯದ ಹಾಗೆ ಅದನ್ನು ಎಷ್ಟು ದೂರ ಕೊಂಡೊಯ್ಯಬಹುದೋ ಅಷ್ಟು ದೂರ ಎಲ್ಲರೂ ಹೋಗಿದ್ದಾರೆ.

ಈಗ ನಿಮ್ಮ ಉಗ್ರಾಣದ ಜಾಗಟೆಯನ್ನೊಮ್ಮೆ ಹೊರಗೆ ತನ್ನಿ. ಹಗಲು ಬೆಳಕಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಿಂಬದಿ ತಿರುಗಿಸಿ. ಬಡಿದು ಮಾಡಿದ್ದಾದರೆ ಒಳಮೈಯಲ್ಲಿ ಸುತ್ತಿಗೆಯ ಗುರುತುಗಳು ನಡುವಿನಿಂದ ಅಂಚಿನ ಕಡೆಗೆ ಸುತ್ತು ಸುತ್ತಾಗಿ ಹೋಗಿರುವುದು ಕಾಣುತ್ತದೆ. ಬೆರಳ ತುದಿಯಿಂದ ಸವರಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸರಿಸಿದರೆ ದಪ್ಪ ಎಲ್ಲ ಕಡೆ ಒಂದೇ ಇಲ್ಲ. ಎಲ್ಲೋ ಹೆಚ್ಚು, ಎಲ್ಲೋ ಕಡಿಮೆ. ಇದನ್ನು ಒರಟು ಕೆಲಸ ಎಂದುಕೊಳ್ಳಬೇಡಿ. ಜಾಗಟೆಯ ದನಿ ಇರುವುದೇ ಈ ಏರಿಳಿತದಲ್ಲಿ. ಸಪಾಟು ಬಿಲ್ಲೆಯ ಶ್ರುತಿ ಅದರ ದಪ್ಪಕ್ಕೆ ನೇರ ಅನುಪಾತದಲ್ಲಿದೆ: ದಪ್ಪ ಇಮ್ಮಡಿಯಾದರೆ ಶ್ರುತಿ ಒಂದು ಸ್ಥಾಯಿ ಮೇಲೆ. ಅಗಲ ಇಮ್ಮಡಿಯಾದರೆ ಎರಡು ಸ್ಥಾಯಿ ಕೆಳಗೆ. ತೆಳ್ಳಗೆ ಬಡಿದ ಜಾಗಟೆಗೆ ಅಷ್ಟು ಸಣ್ಣ ಮೈಯಲ್ಲೂ ಆ ಗಂಭೀರ ದನಿ ಬರುವುದು ಹೀಗೆ. ಎರಕದಲ್ಲೇ ಅಷ್ಟು ತೆಳ್ಳಗೆ ಹೊಯ್ದರೆ ಲೋಹ ಅಚ್ಚನ್ನು ತುಂಬುವ ಮೊದಲೇ ಹೆಪ್ಪುಗಟ್ಟುತ್ತದೆ, ತುಂಬಿದರೂ ಮೊದಲ ಉತ್ಸವದಲ್ಲೇ ಬಿರಿಯುತ್ತದೆ. ಎರಕದಲ್ಲಿ ಉಳಿದುಬಿಡುವ ಕಣ್ಣಿಗೆ ಕಾಣದ ಗಾಳಿಗುಳ್ಳೆಗಳನ್ನೂ ಸುತ್ತಿಗೆ ಒತ್ತಿ ಮುಚ್ಚುತ್ತದೆ.

ಸುತ್ತಿಗೆ ಶ್ರುತಿಯ ನಡೆಯನ್ನೇ ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಬೀಜಿಂಗ್‌ನ ನಾಟ್ಯರಂಗದ ಜಾಗಟೆಗಳನ್ನು ನೋಡಬೇಕು. ದೊಡ್ಡದನ್ನು ಬಾರಿಸಿದರೆ ದನಿ ಮೇಲಿನಿಂದ ಕೆಳಕ್ಕೆ ಜಾರುತ್ತದೆ. ಚಿಕ್ಕದರದ್ದು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಎರಡೂ ಒಂದೇ ಬಗೆಯ ಕಂಚು. ನಡುವಿನ ಭಾಗ ಎಷ್ಟು ಸಪಾಟು, ಅದರ ಸುತ್ತಿನ ಇಳಿಜಾರು ಎಷ್ಟು ಎಂಬುದರಲ್ಲಿ ಫರಕು. ಜೋರಾಗಿ ಬಡಿದಾಗ ತೆಳ್ಳನೆಯ ನಡುಭಾಗ ಬಾಗುವ ರೀತಿಯಿಂದ ಅದರ ಬಿಗುವು ಆ ಕ್ಷಣಕ್ಕೆ ಬದಲಾಗಿ, ಕಂಪನ ಇಳಿಯುತ್ತ ಬಂದಂತೆ ಮೊದಲಿನಂತಾಗುತ್ತದೆ. ಆ ಜಾರನ್ನು ನಟನ ಪ್ರವೇಶಕ್ಕೆ, ಕಣ್ಣೋಟಕ್ಕೆ ಹೊಂದಿಸಿ ಬಾರಿಸುತ್ತಾರೆ.

ನಮ್ಮಲ್ಲಿ ಮಲೆ ಮಹದೇಶ್ವರನ ಒಕ್ಕಲಿನ ಕಂಸಾಳೆಯೂ ಹೀಗೆಯೇ ರೂಪದ ಮಾತು. ಒಂದು ಬಟ್ಟಲಿನಂತೆ ಕುಳಿಯಾದದ್ದು, ಇನ್ನೊಂದು ಸಪಾಟು ತಟ್ಟೆ. ಕುಳಿಯಾದದ್ದು ಬಿಗಿ, ಸಪಾಟಾದದ್ದು ಸಡಿಲ. ಎರಡರ ದನಿ ಎಂದೂ ಒಂದೇ ಆಗದು. ಬೀಸು ಕಂಸಾಳೆಯಲ್ಲಿ ಕುಣಿಯುತ್ತ ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ ಹೊಡೆಯುವ ಆ ಪೆಟ್ಟುಗಳನ್ನು ಒಡೆಯದೆ ತಾಳುವ, ಬಯಲಲ್ಲೂ ದೂರಕ್ಕೆ ಕೇಳುವ ಲೋಹ ಕಂಚಲ್ಲದೆ ಬೇರೆ ಇಲ್ಲ. ಯಕ್ಷಗಾನದ ಭಾಗವತರನ್ನು ಕೇಳಿನೋಡಿ, ತಮ್ಮ ತಾಳವನ್ನೋ ಜಾಗಟೆಯನ್ನೋ ಅವರು ಇನ್ನೊಬ್ಬರ ಕೈಗೆ ಸುಲಭಕ್ಕೆ ಕೊಡುವುದಿಲ್ಲ.

ಗಂಟೆಯ ವಿಷಯ ಬೇರೆ. ಅದು ಎರಕದ ಕೂಸು. ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಹೊರಹಾಕಿ, ಆ ಪೊಳ್ಳಿಗೆ ಕಂಚು ಹೊಯ್ಯುವುದು. ಗಂಟೆ ದಪ್ಪವಿರುವುದರಿಂದ ಗಡಸು ಹರಳುಗಳನ್ನು ಹೊತ್ತೂ ಅದು ನಾಲಗೆಯ ಪೆಟ್ಟನ್ನು ತಾಳುತ್ತದೆ. ನಿಧಾನ ಆರುವುದೇ ಅದಕ್ಕೆ ಹಿತ. ಜಾಗಟೆಯನ್ನು ಕಾಪಾಡುವ ನೀರು ಗಂಟೆಗೆ ಮೃತ್ಯು: 1737ರಲ್ಲಿ ಮಾಸ್ಕೋದ ಕ್ರೆಮ್ಲಿನ್‌ಗೆ ಬೆಂಕಿ ಬಿದ್ದಾಗ, ಇನ್ನೂ ಎರಕದ ಗುಂಡಿಯಲ್ಲೇ ಇದ್ದ ಸುಮಾರು 200 ಟನ್ ತೂಕದ ಝಾರ್ ಗಂಟೆ ಕಾದಿತ್ತು. ಅದರ ಮೇಲೆ ನೀರು ಬಿದ್ದು, 11 ಟನ್‌ಗೂ ಮಿಕ್ಕಿದ ಒಂದು ಹೋಳು ಕಳಚಿಕೊಂಡಿತು. ಆ ಗಂಟೆ ಒಮ್ಮೆಯೂ ಮೊಳಗಿಲ್ಲ.

ಗಂಟೆಯಲ್ಲಿ ದನಿಯನ್ನು ತೀರ್ಮಾನಿಸುವುದು ಗೋಡೆಯ ದಪ್ಪ ಎಲ್ಲಿ ಎಷ್ಟು ಎಂಬುದು. ಒಂದು ಪೆಟ್ಟಿಗೆ ಹಲವು ಸ್ವರಗಳು ಏಕಕಾಲಕ್ಕೆ ಏಳುತ್ತವೆ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಲಫ್‌ಬರೋದ ಟೇಲರ್ ಎರಕಶಾಲೆಯವರು ಗಂಟೆಯ ಒಳಮೈಯನ್ನು ಕಡೆದು ಅಂಥ ಐದು ಸ್ವರಗಳನ್ನು ಒಂದಕ್ಕೊಂದು ಕೂಡಿಸುವ ಪದ್ಧತಿ ಹಿಡಿದರು. ಚರ್ಚಿನ ಗಂಟೆಯಲ್ಲಿ ಒಂದು ಬಗೆಯ ವಿಷಾದ ಕೇಳುವುದುಂಟಲ್ಲ, ಆ ಐದರಲ್ಲಿ ಒಂದು ಕೋಮಲ ಗಾಂಧಾರವಾಗಿರುವುದೇ ಅದಕ್ಕೆ ಕಾರಣ. ಇನ್ನು ಗಂಟೆಯ ಸುತ್ತಳತೆ ಎಲ್ಲೂ ಪೂರ್ತಿ ಸಮವಾಗಿರದು. ಆಗ ಒಂದೇ ಸ್ವರ ಅತಿ ಹತ್ತಿರದ ಎರಡಾಗಿ ಕವಲೊಡೆದು, ದನಿ ಏರಿ ಇಳಿದು ಅಲೆಯಾಡುತ್ತದೆ. ಯುರೋಪಿನ ಎರಕದವರು ಅದನ್ನು ಆದಷ್ಟು ಕಡಿಮೆ ಮಾಡಲು ನೋಡುತ್ತಾರೆ. ಕೊರಿಯಾದವರು ಅದನ್ನೇ ಗಂಟೆಯ ಉಸಿರು ಎಂದು ಮೆಚ್ಚುತ್ತಾರೆ. 771ರಲ್ಲಿ ಹೊಯ್ದ, 18.9 ಟನ್ ತೂಗುವ ಅಲ್ಲಿನ ಸೊಂಗ್‌ಡೊಕ್ ದೊರೆಯ ಗಂಟೆ ಈ ಅಲೆಗೇ ಹೆಸರಾದದ್ದು. ನಮ್ಮ ಹಳೆಯ ಗಂಟೆಗಳಲ್ಲೂ ಈ ಅಲೆ ಕೇಳುತ್ತದೆ. ನಾನು ಕೊರಿಯಾದವರ ಪಕ್ಷ. ಅಲೆ ಕೇಳಿದೊಡನೆ ಗಂಟೆ ದೋಷದ್ದೆಂದು ದಯವಿಟ್ಟು ತೀರ್ಮಾನಿಸಬೇಡಿ. ಒಡಕಿನ ದನಿಯೇ ಬೇರೆ: ಅದರಲ್ಲಿ ಝರ್ರೆಂಬ ಕರಕರ ಇರುತ್ತದೆ, ಬಾಳಿಕೆ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ನನ್ನ ಬೇಡಿಕೆಗಳು ಸುಲಭಕ್ಕೆ ಅರ್ಥವಾದಾವು.

ಹಳೆಯ ಗಂಟೆ, ಜಾಗಟೆಗಳನ್ನು ತೂಕಕ್ಕೆ ಕೊಡಬೇಡಿ. ತಕ್ಕಡಿಗೆ ತಾಮ್ರ ತವರ ಮಾತ್ರ ಗೊತ್ತು. ಒಲೆಯ ಮುಂದೆ ಕಳೆದ ದಿನಗಳು, ಇಕ್ಕಳ ಹಿಡಿದವನ ಕಣ್ಣು, ಕೊನೆಯ ಆ ಸಣ್ಣ ಪೆಟ್ಟುಗಳು ಯಾವುದೂ ಅದರಲ್ಲಿ ತೂಗುವುದಿಲ್ಲ. ಮೂಸೆಗೆ ಬಿದ್ದ ಗಳಿಗೆಯಲ್ಲಿ ಅವೆಲ್ಲ ಹೋಗುತ್ತವೆ. 1739ರಲ್ಲಿ ಮರಾಠ ಸೇನಾನಿ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆದ್ದಾಗ ಅಲ್ಲಿನ ಚರ್ಚುಗಳ ಗಂಟೆಗಳು ಮರಾಠರ ಕೈಗೆ ಬಂದವು. ಫಿರಂಗಿ ಎರಕಕ್ಕೆ ಕಂಚು ಬೇಕಾಗಿದ್ದ ಕಾಲ ಅದು. ಆದರೂ ಅವನ್ನು ದೇವಾಲಯಗಳಿಗೆ ಒಯ್ದು ತೂಗುಹಾಕಿದರು. ಭೀಮಾಶಂಕರದಲ್ಲಿ ಅಂಥದೊಂದನ್ನು ಈಗಲೂ ಕಾಣಬಹುದು. ಶತ್ರುವಿನ ಗಂಟೆಯನ್ನೇ ಹಾಗೆ ಉಳಿಸಿಕೊಂಡವರ ನಾಡಿನಲ್ಲಿ ನಮ್ಮ ಅಜ್ಜಂದಿರು ಹರಕೆ ಒಪ್ಪಿಸಿದ ಗಂಟೆಯನ್ನು ನಾವು ಕರಗಿಸಬಾರದು.

ಒಡಕು ಕಂಡರೆ ಹತ್ತಿರದ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ನೀರಿಗದ್ದಿ ಮಾಡಿದ ಜಾಗಟೆಯ ಒಂದು ಕಡೆ ಮಾತ್ರ ಕಾಯಿಸಿದರೆ, ಬೆಸುಗೆಯ ಸುತ್ತ ಆ ಗಡಸು ಹರಳುಗಳು ಮರಳಿ ಹುಟ್ಟುತ್ತವೆ. ಇವತ್ತಿನ ಸೀಳು ಮುಚ್ಚಿ ಅದರ ಪಕ್ಕದಲ್ಲೇ ನಾಳೆಯದು ಬಾಯಿ ಬಿಡುತ್ತದೆ. ದೊಡ್ಡ ಗಂಟೆಗಳನ್ನು ಬೆಸೆಯುವುದು ಅಸಾಧ್ಯವೇನಲ್ಲ. ಜರ್ಮನಿಯ ನೋರ್ಡ್ಲಿಂಗೆನ್‌ನಲ್ಲಿ ಅದನ್ನೇ ಕಸುಬಾಗಿಸಿಕೊಂಡವರಿದ್ದಾರೆ. ಆದರೆ ಅವರು ಇಡೀ ಗಂಟೆಯನ್ನು ಕುಲುಮೆಯಲ್ಲಿ ಸಮನಾಗಿ ಕಾಯಿಸಿ ಬೆಸೆದು, ಬಹಳ ನಿಧಾನವಾಗಿ ಆರಿಸುತ್ತಾರೆ. ಅಂಥ ವ್ಯವಸ್ಥೆ ಇಲ್ಲದಿದ್ದರೆ ಒಡೆದದ್ದನ್ನು ಒಡೆದಂತೆಯೇ ಜೋಪಾನ ಮಾಡುವುದು ಮೇಲು.

ಮೋಟಾರಿನಲ್ಲಿ ನಡೆಯುವ ನಗಾರಿ–ಗಂಟೆ ಯಂತ್ರ ಬಹಳ ಕಡೆ ಬಂದಿದೆ. ಬಾರಿಸುವ ಕೈಗಳು ಸಿಗದ ಕಷ್ಟ ನನಗೂ ಗೊತ್ತಿದೆ, ಬೇಡವೇ ಬೇಡ ಎನ್ನುವುದಿಲ್ಲ. ಆದರೆ ಹಳೆಯ ಜಾಗಟೆಯನ್ನು ಅದಕ್ಕೆ ಕಟ್ಟಬೇಡಿ. ಕೈ ಒಂದೇ ಜಾಗಕ್ಕೆ ಎರಡು ಸಲ ಬಡಿಯುವುದಿಲ್ಲ. ಯಂತ್ರದ ಕಬ್ಬಿಣದ ಗುಂಡು ಒಂದೇ ಬಿಂದುವಿಗೆ ಸಾವಿರಾರು ಸಲ ಬಡಿಯುತ್ತದೆ. ಲಂಡನ್ನಿನ ಬಿಗ್ ಬೆನ್ ಗಂಟೆ 1859ರಲ್ಲಿ ಬಾರಿಸಲು ಶುರುವಾದ ಕೆಲವೇ ತಿಂಗಳಲ್ಲಿ ಬಿರಿಯಿತು, ಸುತ್ತಿಗೆ ಇರಬೇಕಾದ್ದಕ್ಕಿಂತ ಬಹಳ ಭಾರವಾಗಿತ್ತು. ಬಿರುಕು ಮುಂದುವರಿಯದಂತೆ ಅಲ್ಲಿ ಒಂದು ಚೌಕ ಕತ್ತರಿಸಿ ತೆಗೆದು, ಗಂಟೆಯನ್ನು ತುಸು ತಿರುಗಿಸಿ, ಹಗುರ ಸುತ್ತಿಗೆ ಹಾಕಿದರು. 13.7 ಟನ್ನಿನ ಆ ಗಂಟೆ ಇಂದಿಗೂ ಬಿರುಕಿನೊಂದಿಗೇ ಬಾರಿಸುತ್ತಿದೆ. ನಿಮ್ಮ ಜಾಗಟೆಗೆ ಮರದ ಕೊಡತಿಯೇ ಇರಲಿ. ಗಂಟೆಯ ನಾಲಗೆ ಸವೆದು ಹೋದಾಗ ಸಿಕ್ಕ ಕಬ್ಬಿಣದ ತುಂಡು ತೂಗುಹಾಕದೆ, ಮೊದಲಿನಷ್ಟೇ ತೂಕದ್ದನ್ನು ಮಾಡಿಸಿ.

ಹೊಳಪಿನ ಆಸೆಗೆ ಬಫಿಂಗ್ ಯಂತ್ರಕ್ಕೆ ಕೊಡುವುದು ಇನ್ನೊಂದು ಅಪಾಯ. ಯಂತ್ರ ಲೋಹವನ್ನು ತಿನ್ನುತ್ತದೆ. ಸಪಾಟು ಜಾಗಟೆಯ ದಪ್ಪದಲ್ಲಿ ನೂರಕ್ಕೆ ಆರು ಪಾಲು ಹೋದರೆ ಶ್ರುತಿ ಅರ್ಧ ಸ್ವರ ಇಳಿಯುತ್ತದೆ. ಹರಕೆಯವರ ಹೆಸರು, ಇಸವಿ ಕೊರೆದ ಕನ್ನಡ ಅಕ್ಷರಗಳಿದ್ದರೆ ಅವೂ ಅಳಿಸಿಹೋಗುತ್ತವೆ. ಹುಣಸೆಹಣ್ಣು, ಬೂದಿ ಸಾಕು. ಬಂಗಾರ ಬಣ್ಣದ ಲ್ಯಾಕರ್ ಬಳಿಯಬೇಡಿ, ದಪ್ಪಗೆ ಬಳಿದ ಬಣ್ಣ ನಾದವನ್ನು ಹೀರುತ್ತದೆ. ಹಗ್ಗ ಕಟ್ಟಲು ಹೊಸ ತೂತು ಕೊರೆಯುವುದೂ ಬೇಡ. ಮಾಡಿದವನು ಅಂಚಿನ ಮಡಿಕೆಯಲ್ಲಿ ತೂತು ಬಿಟ್ಟಿರುವುದು ಅಲ್ಲಿ ಕಂಪನ ಅತಿ ಕಡಿಮೆ ಇರುವುದರಿಂದ.

ಹೊಸದನ್ನೇ ಮಾಡಿಸುವುದಾದರೆ ಕೊಟೇಶನ್‌ನಲ್ಲಿ ‘ಗಂಟೆ, ಇಷ್ಟು ಕೆಜಿ’ ಎಂದು ಬರೆಯುವುದನ್ನು ಬಿಟ್ಟು, ಕಂಚೇ ಆಗಬೇಕು, ತವರ ನೂರಕ್ಕೆ 20ರಿಂದ 22, ಸೀಸ ಸೇರಿರಬಾರದು, ಜಾಗಟೆ ಎರಕದ್ದೋ ಬಡಿದದ್ದೋ ಎಂದು ಸ್ಪಷ್ಟವಾಗಿ ಬರೆಯಿರಿ. ಒಂದು ಚೂರನ್ನು ಪರೀಕ್ಷೆಗೆ ಕೊಟ್ಟರೆ ಲೋಹದ ಪಾಲು ಎಷ್ಟೆಂದು ಹೇಳುವ ಪ್ರಯೋಗಾಲಯಗಳು ದೊಡ್ಡ ಊರುಗಳಲ್ಲಿವೆ. ಆದರೆ ಪ್ರಯೋಗಾಲಯ ಬೆರಕೆಯನ್ನಷ್ಟೇ ಹೇಳೀತು. ಮಾಡಿದ ರೀತಿ ಸರಿಯಿದೆಯೇ ಎಂದು ಹೇಳುವುದು ಕಿವಿ. ತರಿಸುವ ಮೊದಲು ಸಮಿತಿಯವರು ಯಾರಾದರೂ ಹೋಗಿ, ವಾದ್ಯವನ್ನು ಹಗ್ಗದಲ್ಲಿ ತೂಗುಹಾಕಿಸಿ, ಮರದ ಕೊಡತಿಯಿಂದ ಮೆಲ್ಲಗೆ ಬಾರಿಸಿ ಕೇಳಬೇಕು. ಜೋರಾಗಿ ಬಾರಿಸಿದರೆ ಕೆಟ್ಟದ್ದೂ ಚೆನ್ನಾಗಿ ಕೇಳುತ್ತದೆ. ಮೊದಲ ಪೆಟ್ಟಿನ ಸದ್ದನ್ನು ಬಿಟ್ಟುಬಿಡಿ. ಅದಾದ ಮೇಲೆ ಉಳಿಯುವುದನ್ನು ಕೇಳಿ. ನಾಲ್ಕು ಕಡೆ ಬಾರಿಸಿ. ಜೊತೆಗೆ ಚೆಂಡೆಯವರನ್ನೋ ಭಾಗವತರನ್ನೋ ಕರೆದೊಯ್ದರೆ ಇನ್ನೂ ಒಳ್ಳೆಯದು, ಲೆಕ್ಕಪತ್ರ ನೋಡುವವರಷ್ಟೇ ಹೋದರೆ ಸಾಲದು. ಒಳ್ಳೆಯ ಕೆಲಸಗಾರ ಸಿಕ್ಕಿದರೆ ಅವನಿಗೆ ಕೆಜಿ ಲೆಕ್ಕದಲ್ಲಿ ಕೂಲಿ ಕಟ್ಟಬೇಡಿ. ಕೆಜಿ ಲೆಕ್ಕದಲ್ಲಿ ಕೊಟ್ಟರೆ ತೆಳ್ಳಗೆ ಬಡಿದವನಿಗೆ ನಷ್ಟ, ದಪ್ಪ ಹೊಯ್ದವನಿಗೆ ಲಾಭ. ಕಸುಬು ಬಿಟ್ಟವರು ಬಿಟ್ಟದ್ದು ಇಂಥ ಲೆಕ್ಕದಿಂದಲೇ.

ಈಗಿರುವ ಪ್ರತಿ ಗಂಟೆ, ಜಾಗಟೆ, ತಾಳವನ್ನು ಚರಾಸ್ತಿಯ ಪಟ್ಟಿಯಲ್ಲಿ ಬರೆಯುವಾಗ ತೂಕದ ಜೊತೆಗೆ ಅಡ್ಡಳತೆ, ಅಂಚಿನ ದಪ್ಪ, ಮೈಮೇಲಿನ ಬರಹ ಇವನ್ನೂ ಬರೆದು, ಒಂದು ಫೋಟೊ ತೆಗೆದಿಡಿ. ಮೊಬೈಲಿನಲ್ಲಿ ಅದರ ದನಿಯನ್ನು ಪೂರ್ತಿ ಆರುವವರೆಗೆ ರೆಕಾರ್ಡ್ ಮಾಡಿ, ಅದೇ ಕಡತಕ್ಕೆ ಸೇರಿಸಿ. ಊರಿನ ಯಾವ ಹೈಸ್ಕೂಲು ಹುಡುಗ ಹುಡುಗಿಯರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಹುದಾದ ಕೆಲಸ. ಮುಂದಿನ ಸಭೆಯಲ್ಲಿ ವಿಲೇವಾರಿಯ ವಿಷಯ ಬರುವುದಕ್ಕೆ ಮೊದಲೇ ಇದು ಆಗಿಹೋಗಲಿ. ನಿಮ್ಮ ಜಾಗಟೆ ಎರಕದ್ದೋ ಬಡಿದದ್ದೋ ತಿಳಿಯದಿದ್ದರೆ ಹಿಂಬದಿಯ ಫೋಟೊ ಮತ್ತು ಆ ರೆಕಾರ್ಡಿಂಗನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಶಾಸ್ತ್ರ ಕಲಿಸುವವರಿಗೆ ತೋರಿಸಿ ಕೇಳಿ. ನನ್ನ ವೃತ್ತಿಯ ಯಾರೂ ಅದನ್ನು ನೋಡದೆ ವಾಪಸು ಕಳಿಸಲಾರರು.

ಇತಿ ನಿಮ್ಮ ವಿಶ್ವಾಸಿ,
ಲೋಹಶಾಸ್ತ್ರದ ಒಬ್ಬ ನಿವೃತ್ತ ಅಧ್ಯಾಪಕ